ಪ್ಯಾಸೇಜಿಗೆ ಪ್ಲಾಸ್ಟಿಕ್ ಬಾಗಿಲು: ಪಿವಿಸಿ, ಡಬ್ಲ್ಯುಪಿಸಿ, ಯುಪಿವಿಸಿ, ಎಫ್‌ಆರ್‌ಪಿ – ಬಾಳಿಕೆ ಯಾವುದಕ್ಕೆ?

ಚಿಲಕ_ಅಗಳಿ (ಪ್ರಶ್ನೆ)

ಮನೆಯೊಳಗಿನ ಪ್ಯಾಸೇಜಿಗೆ ಮೂರು ಬಾಗಿಲು ಬೇಕು. ಪ್ಯಾಸೇಜಿನ ಅಗಲ 1,050 ಮಿ.ಮೀ., ಮೂರು ಕಡೆಯೂ ಗೋಡೆಯಲ್ಲಿ ಬಿಟ್ಟಿರುವ ತೆರಪು 900 × 2,100 ಮಿ.ಮೀ. ಒಂದು ಮಲಗುವ ಕೋಣೆಗೆ, ಒಂದು ಬಚ್ಚಲಿಗೆ, ಮೂರನೆಯದು ಪ್ಯಾಸೇಜಿನ ಕೊನೆಯಲ್ಲಿ ಕಾರು ನಿಲ್ಲಿಸುವ ಜಾಗದ ಕಡೆಗೆ. ದಿನಕ್ಕೆ ಹತ್ತಾರು ಸಲ ತೆಗೆದು ಹಾಕುವ ಬಾಗಿಲುಗಳಿವು. ಗಾಳಿಗೆ ಬಡಿಯುತ್ತವೆ, ಸಾಮಾನು ಸಾಗಿಸುವಾಗ ಮೂಲೆ ತಾಗುತ್ತದೆ, ಮಕ್ಕಳ ಕಾಲೂ ತಾಗುತ್ತದೆ.

ಹೊರಗಿನಿಂದ ನೋಡಿದರೆ ಎಲ್ಲಾ ಪ್ಲಾಸ್ಟಿಕ್ ಬಾಗಿಲೂ ಒಂದೇ ಥರ ಕಾಣುತ್ತವೆ. ಒಳಗೇನಿದೆ ಅಂತ ಕೊಳ್ಳುವ ಮೊದಲೇ ತಿಳಿಯುವುದು ಹೇಗೆ? ದಪ್ಪ ಎಷ್ಟಿರಬೇಕು? ಜಾಗ ಉಳಿಯುತ್ತದೆಂದು ಮಡಚುವ ಬಾಗಿಲು ಹಾಕಬಹುದೇ?

ಉಳಿ_ಬೆಣೆ

ಪ್ಲಾಸ್ಟಿಕ್ ಬಾಗಿಲು ಮೊದಲು ಸಾಯುವುದು ಹಿಂಜಿನ (ಕದ ತಿರುಗುವ ಲೋಹದ ಕೀಲು) ಬುಡದಲ್ಲಿ, ಆಮೇಲೆ ಬೀಗದ ಗೂಡಿನಲ್ಲಿ. ಮೈ ನೋಡಿದರೆ ಹೊಸದರಂತೆಯೇ ಇರುತ್ತದೆ, ಕದ ಮಾತ್ರ ಜೋತುಬಿದ್ದು ನೆಲ ಉಜ್ಜುತ್ತಿರುತ್ತದೆ. ಹಾಗಾಗಿ ಯಾವ ಪ್ಲಾಸ್ಟಿಕ್ ಅಂತ ಕೇಳುವ ಮೊದಲು, ಸ್ಕ್ರೂ ಹೋಗಿ ಕಚ್ಚಿಕೊಳ್ಳುವ ಜಾಗದಲ್ಲಿ ಏನಿಟ್ಟಿದ್ದಾರೆ ಅಂತ ಕೇಳಿ.

ಟೊಳ್ಳು ಪಿವಿಸಿ: ತೆಳು ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸಿ, ಸುತ್ತ ಚೌಕಟ್ಟು ಕಟ್ಟಿದ್ದು. ಪಟ್ಟಿಯ ಗೋಡೆಯ ದಪ್ಪ ಬಹಳ ಸಲ 1 ಮಿ.ಮೀ. ಆಸುಪಾಸು ಇರುತ್ತದೆ. ಹಗುರ, ನೀರಿಗೆ ಹೆದರುವುದಿಲ್ಲ. ಆದರೆ ಮೊಣಕೈ ಬಲವಾಗಿ ತಾಗಿದರೂ ತಗ್ಗು ಬೀಳುತ್ತದೆ, ಒದ್ದರೆ ಒಡೆಯುತ್ತದೆ, ಒಡೆದ ಪಟ್ಟಿಗೆ ತೇಪೆ ಹಾಕಲು ಬರುವುದಿಲ್ಲ. ಹಿಂಜಿನ ಕಡೆಯ ಕಂಬದೊಳಗೆ ಕಬ್ಬಿಣದ ಕೊಳವೆ ಇದ್ದರೆ ಮಾತ್ರ ಯೋಚಿಸಿ. ಜನ ಓಡಾಡುವ ಪ್ಯಾಸೇಜಿಗೆ ನಾನಂತೂ ಇದನ್ನು ಹೇಳಲಾರೆ.

ಡಬ್ಲ್ಯುಪಿಸಿ ಇಡಿ ಕದ: ಪಿವಿಸಿ, ಮರದ ಪುಡಿ, ಸುಣ್ಣಕಲ್ಲಿನ ಪುಡಿ ಸೇರಿಸಿ ನೊರೆಯಂತೆ ಉಬ್ಬಿಸಿದ ಹಲಗೆ. ಇಲ್ಲಿ ದಪ್ಪಕ್ಕಿಂತ ಸಾಂದ್ರತೆಯೇ ಮುಖ್ಯ, ಅದನ್ನು ತೂಕದಿಂದ ಕಂಡುಹಿಡಿಯಬಹುದು. ನಿಮ್ಮ ತೆರಪಿಗೆ ಕದ ಹೆಚ್ಚುಕಡಿಮೆ 800 × 2,040 ಬರುತ್ತದೆ. 30 ಮಿ.ಮೀ. ದಪ್ಪಕ್ಕೆ ಲೆಕ್ಕ ಹಾಕಿದರೆ 0.049 ಘನ ಮೀಟರ್. ಸಾಂದ್ರತೆ ಘನ ಮೀಟರಿಗೆ 650 ಕೆ.ಜಿ. ಇದ್ದರೆ ಕದ 32 ಕೆ.ಜಿ. ತೂಗಬೇಕು. ಅದೇ ಅಳತೆಯದು 24–25 ತೂಗಿದರೆ ಸಾಂದ್ರತೆ 500ಕ್ಕೆ ಇಳಿದಿದೆ ಅಂತ ಅರ್ಥ, ಸ್ಕ್ರೂ ಹಿಡಿತ ಸಡಿಲವಾಗುವುದೂ ಅಷ್ಟೇ ಬೇಗ. ಚೀಟಿಯಲ್ಲಿ ಏನು ಬರೆದಿದ್ದರೂ ತೂಕದ ಯಂತ್ರ ಸುಳ್ಳು ಹೇಳುವುದಿಲ್ಲ. ಒಂದು ಎಚ್ಚರಿಕೆ: ತೂಕವಿದೆ ಅಂದಮಾತ್ರಕ್ಕೆ ಒಳ್ಳೆಯದೆಂದಲ್ಲ, ಸುಣ್ಣದ ಪುಡಿ ಹೆಚ್ಚು ತುಂಬಿದರೂ ತೂಕ ಬರುತ್ತದೆ. ಕತ್ತರಿಸಿದ ತುಂಡೊಂದನ್ನು ಕೇಳಿ ಪಡೆದು ಅಂಚಿನಲ್ಲಿ 3 ಮಿ.ಮೀ. ಬಿಟ್ಟಿನಿಂದ ಕೊರೆಯಿರಿ. ಸುರುಳಿ ಸುರುಳಿಯಾಗಿ ಹೆರೆ ಬಂದರೆ ಸರಿ. ಹಿಟ್ಟಿನಂತೆ ಉದುರಿದರೆ ಅದು ಪೆಡಸು ಮಾಲು, ಬಡಿದಾಗ ಮೂಲೆ ಮುರಿಯುತ್ತದೆ.

ಅದೇ ತುಂಡಿನ ಕೊಯ್ದ ಮುಖವನ್ನೂ ನೋಡಿ. ನಡುವೆ ದೊಡ್ಡ ದೊಡ್ಡ ಗುಳ್ಳೆಗಳಿದ್ದರೆ ಬೇಡ. ಅಂಚಿಗೆ ಉಗುರು ಒತ್ತಿದರೆ ಗುರುತು ಮೂಡಬಾರದು.

ಯುಪಿವಿಸಿ (ಮೆದುಗೊಳಿಸದ ಗಟ್ಟಿ ಪಿವಿಸಿ): ಕಿಟಕಿಗೆ ಬಳಸುವ, ಒಳಗೆ ಹಲವು ಟೊಳ್ಳು ಕೋಣೆಗಳಿರುವ ಉದ್ದನೆಯ ಪ್ರೊಫೈಲ್, ಮೂಲೆಗಳನ್ನು ಕಾಯಿಸಿ ಬೆಸೆದದ್ದು. ಒಳಗೆ ಸತು ಲೇಪದ ಉಕ್ಕಿನ ಪಟ್ಟಿ ಇದ್ದರಷ್ಟೇ ಅದಕ್ಕೆ ಬೆನ್ನೆಲುಬು. ಉಕ್ಕು ನಾಲ್ಕೂ ಕಡೆ ಇದೆಯೋ, ಹಿಂಜಿನ ಕಡೆ ಮಾತ್ರವೋ, ದಪ್ಪವೆಷ್ಟು ಎಂದು ಕೇಳಿ. ಇದೆಯೋ ಇಲ್ಲವೋ ಎಂದು ಒಂದು ಆಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಗೋಡೆಯ ಆಚೆಗಿರುವುದರಿಂದ ಸ್ವಲ್ಪ ಬಲವಾದ ಆಯಸ್ಕಾಂತವೇ ಬೇಕು.

ಎಫ್‌ಆರ್‌ಪಿ: ಗಾಜಿನ ನಾರು ಮತ್ತು ರಾಳದ ಚರ್ಮ, ಒಳಗೆ ಫೋಮ್ ಅಥವಾ ಮರದ ಚೌಕಟ್ಟು. ಬಚ್ಚಲಿಗೆ ಇದು ಒಳ್ಳೆಯ ಆಯ್ಕೆ. ಹಿಂಜು, ಬೀಗದ ಜಾಗದಲ್ಲಿ ಒಳಗೆ ಗಟ್ಟಿ ತುಂಡು ಕೂರಿಸಿರಬೇಕು. ಬೆರಳ ಗಿಣ್ಣಿನಿಂದ ತಟ್ಟುತ್ತಾ ಹೋದರೆ ಆ ಜಾಗದಲ್ಲಿ ಸದ್ದು ಬದಲಾಗುತ್ತದೆ.

ಒಟ್ಟಿನಲ್ಲಿ ಮಲಗುವ ಕೋಣೆಗೆ 35 ಮಿ.ಮೀ. ಇಡಿ ಡಬ್ಲ್ಯುಪಿಸಿ, ಬಚ್ಚಲಿಗೆ ಎಫ್‌ಆರ್‌ಪಿ ಅಥವಾ ಮರದ ಪುಡಿ ಇಲ್ಲದ ಇಡಿ ಪಿವಿಸಿ. ಮಡಚುವ ಬಾಗಿಲು ಬಟ್ಟೆ ಬೀರುವಿಗೆ ಸರಿ. ಪಟ್ಟಿ ಪಟ್ಟಿಗಳ ನಡುವಿನ ಮೆತ್ತನೆಯ ಕೀಲು ಕಾಲಕ್ರಮದಲ್ಲಿ ಗಡುಸಾಗಿ ಸೀಳುತ್ತದೆ, ಮೇಲಿನ ಹಳಿಯ ಗಾಲಿ ಸವೆಯುತ್ತದೆ, ಸದ್ದನ್ನಂತೂ ತಡೆಯುವುದೇ ಇಲ್ಲ.

ತೂಕದಗುಂಡು

ಕದದ ಬಗ್ಗೆ ಮೇಲಿನವರು ಹೇಳಿದ್ದಾಯಿತು. ಚೌಕಟ್ಟು ಸೊಟ್ಟಗಿದ್ದರೆ ಎಂಥಾ ಕದ ತಂದರೂ ವ್ಯರ್ಥ.

ತೆರಪು 900 ಇದ್ದರೆ ಚೌಕಟ್ಟಿನ ಹೊರ ಅಳತೆ 880 ಇಡಿ, ಎರಡೂ ಪಕ್ಕ ಹತ್ತತ್ತು ಮಿ.ಮೀ. ಸಂದು ಬಿಡಿ. ನಿಲ್ಲಿಸಿದ ಮೇಲೆ ತೂಕದ ಗುಂಡು ಬಿಟ್ಟು ಎರಡು ದಿಕ್ಕಿನಿಂದ ನೋಡಿ. ಮುಂದಿನಿಂದ ನೆಟ್ಟಗಿದ್ದು, ಪಕ್ಕದಿಂದ ವಾಲಿದ್ದರೆ ಕದ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ ಇಲ್ಲವೇ ಮುಚ್ಚಿಕೊಳ್ಳುತ್ತದೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ವ್ಯತ್ಯಾಸ 2 ಮಿ.ಮೀ. ಒಳಗಿರಬೇಕು.

ಗೋಡೆಗೆ ಹಿಡಿಸಲು 8 ಮಿ.ಮೀ. ಫ್ರೇಮ್ ಫಾಸ್ಟನರ್ (ಚೌಕಟ್ಟು ದಾಟಿ ಗೋಡೆಗೆ ಇಳಿಯುವ ಉದ್ದ ಸ್ಕ್ರೂ), ಒಂದೊಂದು ಪಕ್ಕಕ್ಕೆ ನಾಲ್ಕು. ಮೊದಲನೆಯದು ಮೇಲಿನ ಮೂಲೆಯಿಂದ 150–200 ಮಿ.ಮೀ. ಕೆಳಗೆ, ಅಲ್ಲಿಂದ ಮುಂದಕ್ಕೆ 600 ಮೀರದಂತೆ. ಗೋಡೆಯೊಳಗೆ ಕನಿಷ್ಠ 50 ಮಿ.ಮೀ. ಇಳಿಯಬೇಕು, ಗಾರೆಯ ದಪ್ಪವನ್ನು ಇದರಲ್ಲಿ ಲೆಕ್ಕ ಹಿಡಿಯಬೇಡಿ. ಪ್ರತಿ ಸ್ಕ್ರೂ ಹಿಂದೆಯೂ ಪ್ಲಾಸ್ಟಿಕ್ ಬೆಣೆ ಇರಲೇಬೇಕು. ಬೆಣೆಯಿಲ್ಲದೆ ಬಿಗಿದರೆ ಚೌಕಟ್ಟು ಗೋಡೆಯ ಕಡೆಗೆ ಬಾಗುತ್ತದೆ, ಹಿಂಜು ಎಲ್ಲಿ ಬರುತ್ತದೋ ಅಲ್ಲೇ ಹೊಟ್ಟೆ ಒಳಗೆ ಹೋಗುತ್ತದೆ.

ಉಳಿದ ಸಂದಿಗೆ ಫೋಮ್ ತುಂಬುವಾಗ ಕಡಿಮೆ ಉಬ್ಬುವ ಬಗೆಯದನ್ನೇ ಕೊಳ್ಳಿ. ಚೌಕಟ್ಟಿನ ಒಳಗೆ ಮೂರು ಕಡೆ ಅಡ್ಡ ಕೋಲು ಕೊಟ್ಟು, ಸಂದಿನ ಅರ್ಧದಷ್ಟು ಮಾತ್ರ ತುಂಬಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಅವಸರದಲ್ಲಿ ಪೂರ್ತಿ ತುಂಬಿದರೆ ಮರುದಿನ ಚೌಕಟ್ಟಿನ ನಡು 3–4 ಮಿ.ಮೀ. ಒಳಕ್ಕೆ ಉಬ್ಬಿರುತ್ತದೆ. ಆಮೇಲೆ ಕದವನ್ನು ಹೆರೆಯಲು ಹೊರಡುತ್ತಾರೆ! ತಪ್ಪು ಕದದ್ದಲ್ಲವಲ್ಲ.

ಹಿಂಜು: 4 ಇಂಚಿನ ಸ್ಟೇನ್‌ಲೆಸ್ ಉಕ್ಕಿನವು, ಮೂರು. ಬಚ್ಚಲಿಗೆ ತುಕ್ಕು ಚೆನ್ನಾಗಿ ತಡೆಯುವ 304 ದರ್ಜೆ. ಮೇಲಿನದು ಕದದ ತಲೆಯಿಂದ 180–200 ಕೆಳಗೆ, ಕೆಳಗಿನದು ಬುಡದಿಂದ 250 ಮೇಲೆ. ಮೂರನೆಯದನ್ನು ನಟ್ಟನಡುವೆ ಇಡುವ ರೂಢಿ. 30 ಕೆ.ಜಿ. ದಾಟಿದ ಕದವಾದರೆ ಅದನ್ನು ಮೇಲಿನ ಹಿಂಜಿನಿಂದ 300–400 ಕೆಳಗೆ ಇಡುವುದು ಜಾಣತನ, ಏಕೆಂದರೆ ಕದ ಚೌಕಟ್ಟನ್ನು ಜಗ್ಗುವುದು ಮೇಲಿನ ತುದಿಯಲ್ಲಿ.

ಸ್ಕ್ರೂ 8ನೇ ನಂಬರು, 35–40 ಮಿ.ಮೀ. ಉದ್ದ, ಅಗಲ ಮರೆಯದ್ದು (ಮರೆ ಅಂದರೆ ಸ್ಕ್ರೂ ಮೈಮೇಲಿನ ಸುರುಳಿ ಏಣು). ಮೊದಲು 3 ಮಿ.ಮೀ. ತೂತು ಕೊರೆಯಿರಿ. ಕೊನೆಯ ಎರಡು ಸುತ್ತು ಕೈಯಿಂದಲೇ ಬಿಗಿಯಬೇಕು. ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಗರ್ರೆಂದು ಬಿಗಿದರೆ ನೊರೆ ಹಲಗೆಯ ಒಳಗೆ ಮರೆ ಅಲ್ಲೇ ತಿರುಗಿ ತೂತು ಹಿಟ್ಟಾಗುತ್ತದೆ. ಆಗ ಬಿಗಿಯಾದಂತೆಯೇ ಕಂಡರೂ ಮೂರು ತಿಂಗಳಲ್ಲಿ ಸಡಿಲ. ಟೊಳ್ಳು ಪ್ರೊಫೈಲ್‌ಗಾದರೆ ಸ್ಕ್ರೂ ಉಕ್ಕನ್ನು ಮುಟ್ಟಲೇಬೇಕು.

ಸಂದಿನ ಮಾತು: ಗಟ್ಟಿ ಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. 20 ಡಿಗ್ರಿ ಏರಿದರೆ 2,040 ಎತ್ತರದ ಕದ ಹತ್ತಿರ ಹತ್ತಿರ 3 ಮಿ.ಮೀ. ಬೆಳೆಯುತ್ತದೆ, ಅಗಲದಲ್ಲಿ 1 ಮಿ.ಮೀ.ಗಿಂತ ಚೂರು ಹೆಚ್ಚು. ಚಳಿಯ ಬೆಳಿಗ್ಗೆ 1 ಮಿ.ಮೀ. ಸಂದಿಟ್ಟು ಅಂದವಾಗಿ ಕೂರಿಸಿದ ಕದ ಬಿಸಿಲುಗಾಲದಲ್ಲಿ ಕಚ್ಚಿಕೊಳ್ಳುವುದು ಇದರಿಂದ. ಪಕ್ಕಕ್ಕೆ 3, ತಲೆಗೆ 4, ಬುಡಕ್ಕೆ 8–10 ಬಿಡಿ.

ಹೊಸ್ತಿಲು

ಎರಡು ವಿಷಯ ಬಿಟ್ಟುಹೋಗಿವೆ.

ಕಾರು ನಿಲ್ಲಿಸುವ ಜಾಗದ ಬಾಗಿಲಿಗೆ ಪ್ಲಾಸ್ಟಿಕ್ ಯೋಚನೆಯನ್ನೇ ಕೈಬಿಡಿ. ಪಿವಿಸಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ ಅನ್ನುವುದು ನಿಜ. ಆದರೆ ಸುಮಾರು 80 ಡಿಗ್ರಿಗೇ ಮೆತ್ತಗಾಗಿ ಆಕಾರ ಬಿಡುತ್ತದೆ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಸೇರಿದ ದಟ್ಟ ಹೊಗೆ ಬರುತ್ತದೆ. ವಾಹನ ನಿಲ್ಲುವ ಜಾಗಕ್ಕೂ ಮನೆಮಂದಿ ಹೊರಗೋಡುವ ಪ್ಯಾಸೇಜಿಗೂ ನಡುವೆ ಇರಬೇಕಾದ್ದು ಪರೀಕ್ಷೆಯಾದ ಅಗ್ನಿನಿರೋಧಕ ಬಾಗಿಲು, ಅದಕ್ಕೆ ತಕ್ಕ ಚೌಕಟ್ಟು, ತಾನಾಗಿ ಮುಚ್ಚುವ ಡೋರ್ ಕ್ಲೋಸರ್ ಸಮೇತ. ಇದರಲ್ಲಿ ರಾಜಿ ಬೇಡ.

ಎರಡನೆಯದು ತೆರೆಯುವ ದಿಕ್ಕು. 800ರ ಕದ 1,050 ಅಗಲದ ಪ್ಯಾಸೇಜಿಗೆ ತೆರೆದರೆ ಉಳಿಯುವುದು 250 ಮಾತ್ರ, ಎದುರಿಂದ ಬರುವವರಿಗೆ ಮುಖಕ್ಕೇ ಬಡಿಯುತ್ತದೆ. ಮಲಗುವ ಕೋಣೆಯದು ಒಳಕ್ಕೇ ತೆರೆಯಲಿ. ಬಚ್ಚಲು ತೀರ ಚಿಕ್ಕದಾಗಿದ್ದು ಒಳಕ್ಕೆ ತೆರೆಯಲಾಗದಿದ್ದರೆ, ಗೋಡೆಯ ಮೇಲೆ ಸರಿಯುವ ಬಾಗಿಲು ನೋಡಿ. ತೆರಪಿನ ಪಕ್ಕದಲ್ಲಿ ಕದದಷ್ಟೇ ಅಗಲದ ಖಾಲಿ ಗೋಡೆ ಬೇಕು, ಅಲ್ಲಿ ಸ್ವಿಚ್ ಬೋರ್ಡ್ ಇರಬಾರದು. ಇನ್ನೊಂದು: ಚೌಕಟ್ಟು, ತೆರೆದು ನಿಂತ ಕದದ ದಪ್ಪ ಎಲ್ಲಾ ಕಳೆದರೆ 900ರ ತೆರಪಿನಲ್ಲಿ ನಿಜಕ್ಕೂ ದಾಟಲು ಸಿಗುವುದು 760ರ ಆಸುಪಾಸು. ಗಾಲಿಕುರ್ಚಿ ಓಡಾಡಬೇಕಿದ್ದರೆ ಇಕ್ಕಟ್ಟಾಗುತ್ತದೆ, ತೆರಪನ್ನೇ ಹಿಗ್ಗಿಸಬೇಕು.

ಚಿಲಕ_ಅಗಳಿ

ಎಲ್ಲರಿಗೂ ಧನ್ಯವಾದ. ಮೂರನೆಯದಕ್ಕೆ ಅಗ್ನಿನಿರೋಧಕವೇ ಆಯಿತು. ಬೀಗ ಯಾವ ಬಗೆಯದು ಹಾಕಿಸಬೇಕು? ಕದ ನೆಲಕ್ಕೆ ತಾಗಿದರೆ ಬುಡ ಕೊಯ್ಯಬಹುದೇ? ಹಿಂಜಿನ ತೂತು ಮುಂದೆ ಸಡಿಲವಾದರೆ ಕದವನ್ನೇ ಎಸೆಯಬೇಕೇ?

ಉಳಿ_ಬೆಣೆ

ಬೀಗ: 30 ಮಿ.ಮೀ. ಕದದ ಅಂಚಿನಲ್ಲಿ 20 ಮಿ.ಮೀ. ಗೂಡು ಕೊರೆದು ಮಾರ್ಟಿಸ್ ಬೀಗ ಇಳಿಸಿದರೆ ಎರಡೂ ಕಡೆ ಉಳಿಯುವುದು 5 ಮಿ.ಮೀ. ಗಾಳಿಗೆ ನಾಲ್ಕು ಸಲ ಬಡಿದರೆ ಅಲ್ಲೇ ಸೀಳು. ಮಾರ್ಟಿಸ್ಸೇ ಬೇಕೆಂದರೆ ಕದ 35–40 ದಪ್ಪ ಇರಲಿ, ಗೂಡಿನ ಸುತ್ತ ಗಟ್ಟಿ ತುಂಡು ಕೂರಿಸಿರಲಿ. ಇಲ್ಲದಿದ್ದರೆ ಉರುಟು ಹಿಡಿಯ ಸಿಲಿಂಡ್ರಿಕಲ್ ಬೀಗ ವಾಸಿ. ಅದಕ್ಕೆ ಮುಖದಲ್ಲಿ 54 ಮಿ.ಮೀ. ತೂತು, ಅಂಚಿನಿಂದ ನಡುಬಿಂದುವಿಗೆ 60 ಅಥವಾ 70. ಯಾವುದು ಅಂತ ಪೆಟ್ಟಿಗೆಯ ಮೇಲೆ ನೋಡಿಯೇ ಗುರುತು ಹಾಕಿ. ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಬಿಟ್ಟಿನ ನಡುಮೊನೆ ಆಚೆ ಇಣುಕಿದ ಕೂಡಲೇ ನಿಲ್ಲಿಸಿ, ಇನ್ನರ್ಧವನ್ನು ಆ ಕಡೆಯಿಂದ ಕೊರೆಯಿರಿ, ಇಲ್ಲವಾದರೆ ಮೇಲ್ಪದರ ಕಿತ್ತು ಬರುತ್ತದೆ.

ಬುಡ ಕೊಯ್ಯುವುದು: ಇಡಿ ಕದವಾದರೆ ಧಾರಾಳವಾಗಿ ಕೊಯ್ಯಿರಿ, ಸಣ್ಣ ಹಲ್ಲಿನ ಗರಗಸ, ಕೊಯ್ಯುವ ಗೆರೆಯ ಮೇಲೆ ಅಂಟುಪಟ್ಟಿ. ಮರದ ಪುಡಿ ಇರುವ ಹಲಗೆಯಾದರೆ ಕೊಯ್ದ ಮುಖಕ್ಕೆ ಎರಡು ಕೋಟು ಪ್ರೈಮರ್ ಅಥವಾ ಬಣ್ಣ ಬಳಿಯಿರಿ. ಟೊಳ್ಳು ಕದ, ಬೆಸೆದ ಯುಪಿವಿಸಿ ಇವನ್ನು ಮುಟ್ಟಬೇಡಿ. ಕೆಳಗಿನ ಮುಚ್ಚಳ ಹೋದರೆ ನೀರು ಒಳಗೇರಿ ಉಕ್ಕು ತುಕ್ಕು ಹಿಡಿಯುತ್ತದೆ.

ಸಡಿಲವಾದ ತೂತು: ಕದ ಎಸೆಯಬೇಕಿಲ್ಲ. ಹಿಂಜು ಬಿಚ್ಚಿ, ತೂತನ್ನು 10 ಮಿ.ಮೀ.ಗೆ ಹಿಗ್ಗಿಸಿ 40 ಆಳ ಕೊರೆಯಿರಿ. ಪುಡಿ ಪೂರ್ತಿ ಊದಿ ತೆಗೆದು, ಎರಡು ಭಾಗದ ಎಪಾಕ್ಸಿ ಸವರಿದ ಗಟ್ಟಿ ಮರದ ಗೂಟ ಬಡಿಯಿರಿ. ಒಂದು ದಿನ ಬಿಟ್ಟು ಹೊಸದಾಗಿ 3 ಮಿ.ಮೀ. ಕೊರೆದು ಸ್ಕ್ರೂ ಹಾಕಿ. ಹಳೇ ತೂತಿಗೆ ಬೆಂಕಿಕಡ್ಡಿ ತುರುಕುವುದು ವಾರದ ಮಟ್ಟಿಗಿನ ಉಪಾಯ. ಮತ್ತೆ ಸಡಿಲವಾದರೆ ಹಿಂಜಿನ ಸಾಲು ಬಿಟ್ಟು ಒಂದು ಹಿಂಜಿನಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿ.

ಇವೆಲ್ಲಕ್ಕಿಂತ ಅಗ್ಗದ ರಕ್ಷಣೆ ಡೋರ್ ಸ್ಟಾಪರ್. ಅದನ್ನು ಹಿಡಿಯ ಕಡೆಯ ಅಂಚಿನಿಂದ 100 ಮಿ.ಮೀ. ಒಳಗೆ ತಾಗುವಂತೆ ನೆಲಕ್ಕೆ ಹಾಕಿ. ಹಿಂಜಿನ ಹತ್ತಿರ ಹಾಕಿದರೆ ಕದವೇ ಮೀಟುಗೋಲಾಗಿ ಸ್ಕ್ರೂಗಳನ್ನು ಕೀಳುತ್ತದೆ.

ತೂಕದಗುಂಡು

ಒರೆಸಲು ಸೋಪು ನೀರು ಸಾಕು. ಥಿನ್ನರ್, ಅಸಿಟೋನ್ ಬೇಡ, ಮೈ ಮಂಕಾಗಿ ಜಿಗುಟಾಗುತ್ತದೆ. ಪ್ಯಾಸೇಜಿನ ಕಿಟಕಿಯಿಂದ ಬಿಸಿಲು ನೇರ ಬೀಳುವ ಕದಕ್ಕೆ ಕಡು ಬಣ್ಣ ಆರಿಸಬೇಡಿ. ಒಂದು ಮುಖ ಕಾದು ಇನ್ನೊಂದು ತಣ್ಣಗಿದ್ದರೆ ಬಿಲ್ಲಿನಂತೆ ಬಾಗುತ್ತದೆ, ಬೀಗದ ನಾಲಿಗೆ ಗೂಡಿಗೆ ಕೂರುವುದಿಲ್ಲ. ತಂದಿಟ್ಟ ಕದಗಳನ್ನು ಗೋಡೆಗೆ ಒರಗಿಸಿಡದೆ ಸಮನಾದ ನೆಲದ ಮೇಲೆ ಮಲಗಿಸಿಡಿ. ಮೈಮೇಲಿನ ಪಾರದರ್ಶಕ ಹಾಳೆಯನ್ನು ಕೆಲಸ ಮುಗಿದ ವಾರದೊಳಗೆ ಕಿತ್ತುಬಿಡಿ. ಬಿಸಿಲು ಕಂಡು ಹಳತಾದರೆ ಅದರ ಅಂಟು ಕದಕ್ಕೇ ಹತ್ತಿಕೊಂಡು ಉಗುರಿನಲ್ಲಿ ಕೆರೆಯುವ ಕೆಲಸ ಉಳಿಯುತ್ತದೆ.