ಸಹಾಯ ಬೇಕು: ಕಸ ಸಂಗ್ರಹ ಕಂಪನಿ ಕೊಳ್ಳಲು ಎಸ್‌ಬಿಎ 7(ಎ) ಸಾಲ

ಅಮೆರಿಕದಲ್ಲಿ ಈಗಾಗಲೇ ನಡೆಯುತ್ತಿರುವ ಸಣ್ಣ ಕಸ ಸಂಗ್ರಹ ಕಂಪನಿಯನ್ನು ಎಸ್‌ಬಿಎ (ಅಲ್ಲಿನ ಕೇಂದ್ರ ಸರ್ಕಾರದ ಸಣ್ಣ ಉದ್ಯಮ ಸಂಸ್ಥೆ) ಖಾತರಿ ಕೊಡುವ 7(ಎ) ಬ್ಯಾಂಕ್ ಸಾಲ ಪಡೆದು ಕೊಳ್ಳಬೇಕಿದೆ. ಈ ಸಾಲ ತೆಗೆದವರು, ಬ್ಯಾಂಕಿನಲ್ಲಿ ಇಂಥ ಕಡತ ನೋಡುವವರು ದಯವಿಟ್ಟು ತಿಳಿಸಿ.

ಗರಿಷ್ಠ ಸಾಲ 50 ಲಕ್ಷ ಡಾಲರ್. 1.5 ಲಕ್ಷ ಡಾಲರ್ ದಾಟಿದ ಸಾಲಕ್ಕೆ ಸರ್ಕಾರದ ಖಾತರಿ 75%. ಆದರೆ ಆ ಖಾತರಿ ಇರುವುದು ಬ್ಯಾಂಕಿಗೆ, ಸಾಲಗಾರರಿಗಲ್ಲ. 20% ಅಥವಾ ಹೆಚ್ಚು ಪಾಲಿರುವವರೆಲ್ಲ ವೈಯಕ್ತಿಕ ಜಾಮೀನು ಬರೆದುಕೊಡಲೇಬೇಕು. ಒಟ್ಟು ವೆಚ್ಚದಲ್ಲಿ ಕೈಯಿಂದ ಹಾಕುವ 10%, ಫಾರ್ಮ್ 1919 (ಸಾಲಗಾರರ ಮಾಹಿತಿ), ಫಾರ್ಮ್ 413 (ವೈಯಕ್ತಿಕ ಆಸ್ತಿ-ಸಾಲದ ವಿವರ), ಮಾರುವವರ ಮೂರು ವರ್ಷದ ತೆರಿಗೆ ಪತ್ರ ಎಲ್ಲ ಸಿದ್ಧ ಇವೆ.

ಕಗ್ಗಂಟಾಗಿರುವುದು ಲಾರಿಗಳ ಬೆಲೆ. ಕಸ ಒತ್ತುವ ಲಾರಿ ಓಡಿದ ಮೈಲಿಗಿಂತ ನಿಂತಲ್ಲೇ ಎಂಜಿನ್ ತಿರುಗಿಸಿ ಒತ್ತಿದ ಗಂಟೆಗಳಲ್ಲಿ ಹೆಚ್ಚು ಸವೆಯುತ್ತದೆ. ಹಾಪರ್ (ಕಸ ಸುರಿಯುವ ತೊಟ್ಟಿ) ತಳದ ತಗಡನ್ನು ಕಸದ ರಸ ತಿಂದಿರುತ್ತದೆ, ಎಣ್ಣೆಯ ಒತ್ತಡದಿಂದ ಕಸ ಒತ್ತುವ ಹೈಡ್ರಾಲಿಕ್ ಸಿಲಿಂಡರ್ ಸೀಲಿನಲ್ಲಿ ಎಣ್ಣೆ ಜಿನುಗುತ್ತಿರುತ್ತದೆ. ಮೈಲಿ ಮಾತ್ರ ನೋಡಿ ಬೆಲೆ ಕಟ್ಟಿದರೆ ಸಾಲ ತೀರುವ ಮೊದಲೇ ಲಾರಿ ಗುಜರಿ ಸೇರುತ್ತದೆ. ಎಂಜಿನ್ ಗಂಟೆ, ಹೈಡ್ರಾಲಿಕ್ ಎರಡನ್ನೂ ಪರೀಕ್ಷಿಸಿ ಬರೆದ ವರದಿಯನ್ನು ನಿಮ್ಮ ಬ್ಯಾಂಕ್ ಒಪ್ಪಿತೇ? ಅದನ್ನು ಬರೆದವರು ಲಾರಿ ಮೆಕ್ಯಾನಿಕ್ಕೋ, ಯಂತ್ರಗಳ ಮೌಲ್ಯಮಾಪಕರೋ?

ಇನ್ನೊಂದು, ನಗರಾಡಳಿತದ ಗುತ್ತಿಗೆ. ಮಾಲೀಕರು ಬದಲಾದರೆ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತಿದೆ. ಒಪ್ಪಿಗೆ ಸಿಗದಿದ್ದರೆ ಕಂತು ಕಟ್ಟುವ ಆದಾಯವೇ ಇಲ್ಲ. ಅದನ್ನು ಸಾಲದ ಅರ್ಜಿಗೆ ಮೊದಲೇ ಪಡೆಯಬೇಕೇ, ಮಂಜೂರಾದ ಮೇಲೆಯೇ?

ಕಸ ಹೂಳುವ ಭೂಭರ್ತಿ ಜಾಗದಲ್ಲಿ ಕಸ ಸುರಿಯುವ ಶುಲ್ಕವನ್ನು ಗ್ರಾಹಕರ ಹಣ ಬರುವ ಮುಂಚೆಯೇ ಕಟ್ಟಬೇಕು. ಆ ದುಡಿಯುವ ಬಂಡವಾಳವನ್ನು ಇದೇ ಸಾಲದಲ್ಲಿ ಸೇರಿಸಿದವರು ಎಷ್ಟು ತಿಂಗಳ ಲೆಕ್ಕ ತೋರಿಸಿದಿರಿ?