ಪದಚರ್ಚೆ: ‘ಡೋಣಿ ಬೆಳೆದರ ಓಣೆಲ್ಲ ಜೋಳ’ – ಬೋರ್ಡಿಗೆ ಯಾವ ಪಾಠ?

ವಿಜಯಪುರದಿಂದ
ರೊಟ್ಟಿ ಖಾನಾವಳಿಯೊಂದಕ್ಕೆ ಬೋರ್ಡು ಬರೆಸುವುದಿದೆ. ಆರಡಿ ಅಗಲ, ಎರಡಡಿ ಎತ್ತರ. ಹೆಸರಿನ ಕೆಳಗೆ ಒಂದೇ ಸಾಲಿಗೆ ಜಾಗ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಬರೆದುಕೊಟ್ಟರೆ ಪೇಂಟರ್ ‘ದೋಣಿ’ ಎಂದು ತಿದ್ದಿ, ಮಗ್ಗಲಿಗೆ ಹುಟ್ಟು ಹಾಕುವ ಅಂಬಿಗನನ್ನೂ ಬಿಡಿಸಿ ತೋರಿಸಿದ್ದಾನೆ. ‘ಹರಿದರೆ’ ಸರಿಯೋ ‘ಬೆಳೆದರೆ’ ಸರಿಯೋ? ನಾಳೆ ಸಂಜೆಯೊಳಗೆ ಹೇಳಿ.

ತಾಳಿಕೋಟೆಯಿಂದ
ಮೊದಲು ಅಂಬಿಗನನ್ನು ಅಳಿಸಿ. ಡೋಣಿ ಅಂದರೆ ಹೊಳೆ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ನಮ್ಮೂರ ಮಗ್ಗಲಲ್ಲೇ ಹಾಯ್ದು ಕೃಷ್ಣೆಗೆ ಕೂಡುತ್ತದೆ.

‘ಬೆಳೆದರ’ ಅಂತಲೇ ಬರೆಸಿ. ಬೆಳೆಯುವುದು ನೀರಲ್ಲ, ದಂಡೆಯ ಎರಿಹೊಲ, ಅಂದರೆ ಕರಿಮಣ್ಣಿನ ನೆಲ. ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಅಷ್ಟಕ್ಕಷ್ಟೇ, ಎರಿಯಲ್ಲಿ ಇಂಗಿದ ಹಸಿಯ ಮೇಲೆಯೇ ತೆನೆ ಕಟ್ಟಬೇಕು. ಬಿತ್ತುವ ಮುಂಚೆ ನೆಲ ಆಳಕ್ಕೆ ತೊಯ್ದರೆ ಚಿನ್ನ. ಬಿತ್ತಿದ ಮೇಲೆ ಡೋಣಿ ಹೊರಬಿದ್ದರೆ ಕಥೆ ಮುಗಿಯಿತು: ಪಾತ್ರದ ತುಂಬ ಹೂಳು, ನೀರು ಹೊಲದಲ್ಲಿ ಹರಡಿ ನಿಲ್ಲುತ್ತದೆ, ಸಸಿ ಹಳದಿಯಾಗಿ ಕೊಳೆಯುತ್ತದೆ. ಹರಿದ ವರ್ಷವೆಲ್ಲ ಜೋಳದ ವರ್ಷವಲ್ಲ.

ಜಮಖಂಡಿಯಿಂದ
ಮಂದಿ ಎರಡೂ ಅಂತಾರ. ಡೋಣಿ–ಓಣಿ ಪ್ರಾಸ ಗಟ್ಟಿ ಇದ್ದರ ಸಾಕು, ನಡುವಿನ ಕ್ರಿಯಾಪದ ಬಾಯಿಂದ ಬಾಯಿಗೆ ಬದಲಾಗೋದೇ. ಆದರ ಬೋರ್ಡಿನ ಮ್ಯಾಲ ‘ಹರಿದರೆ’ ಬ್ಯಾಡ. ಓದಿದವಗ ಹರಕು ಅಂಗಿ ನೆನಪಾಗ್ತದ.

ಇನ್ನ ಬಳಕಿ. ಸುಗ್ಗಿ ಜೋರಾದಾಗ ಅಂದರ ಹಿಗ್ಗು. ಅದೇ ಮಾತು ಸಾಲ ಮಾಡಿದವನ ಬಾಯಾಗ ಬಂದರ ಒತ್ತೆಲ್ಲ ‘-ದರ’ ಮ್ಯಾಲ: ಬೆಳೆದರ ಕೊಡ್ತೀನಿ, ಇಲ್ಲಾಂದ್ರ ಇಲ್ಲ. ಖಾನಾವಳಿ ಬಾಗಿಲಿಗೆ ಮೊದಲಿನ ಅರ್ಥನ ನಿಲ್ತದ.

ಬೆಳಗಾವಿಯಿಂದ
ಮರಾಠಿಯಲ್ಲಿ ‘ಡೋಣ ಪಿಕೇಲ ತರ ಖಾಈಲ ಕೋಣ, ಡೋಣ ನ ಪಿಕೇಲ ತರ ಖಾಈಲ ಕೋಣ’ ಎಂದಿದೆ. ಬೆಳೆದರೆ ತಿಂದು ತೀರಿಸುವವರು ಯಾರು, ಬೆಳೆಯದಿದ್ದರೆ ತಿನ್ನಲು ಸಿಗುವುದು ಯಾರಿಗೆ ಎಂದು. (ಕನ್ನಡದ ಕಿವಿಗೆ ಇದರಲ್ಲಿ ಎಮ್ಮೆಯ ಗಂಡು ಮೇಯುತ್ತದೆ, ಇರಲಿ.) ‘ಪಿಕಣೆ’ ಅಂದರೆ ಬೆಳೆಯುವುದೇ. ಹಾಗಾಗಿ ‘ಬೆಳೆದರೆ’ ಸರಿ, ಕನ್ನಡದ್ದು ಅಲ್ಲಿಂದ ಬಂದ ಅನುವಾದ. ಹೊಳೆಯ ಹೆಸರೂ ಸಂಸ್ಕೃತದ ‘ದ್ರೋಣಿ’ಯೇ ಇರಬಹುದು.

ತಾಳಿಕೋಟೆಯಿಂದ
ಅನುವಾದವಂತೆ! ಅದರಲ್ಲಿ ಓಣಿ ಎಲ್ಲಿದೆ? ಜೋಳ ಎಲ್ಲಿದೆ? ಅವರ ಪ್ರಾಸ ಕೋಣದ್ದು, ನಮ್ಮದು ಓಣಿಯದ್ದು. ಒಂದೇ ಹೊಳೆಯ ಮೇಲೆ ಎರಡು ಭಾಷೆಯವರು ಎರಡು ಮಾತು ಕಟ್ಟಬಾರದೆ? ದ್ರೋಣಿ ನಿಮ್ಮ ಹತ್ತಿರವೇ ಇರಲಿ.

ಬಾಗಲಕೋಟೆಯಿಂದ
ಇಷ್ಟೆಲ್ಲ ಜಗಳದಲ್ಲಿ ‘ಖಾನಾವಳಿ’ ಯಾರ ಕಣ್ಣಿಗೂ ಚುಚ್ಚಲಿಲ್ಲವೇ? ‘ಉಣಿಸುಮನೆ’ ಎಂದು ಬರೆಸಿ. ‘ಗಾದೆ’ ಕೂಡ ‘ಗಾಥಾ’ದ ತದ್ಭವ, ‘ನಾಣ್ಣುಡಿ’ ಎನ್ನಿ. ಓಣಿಯನ್ನು ಹಾಗೇ ಉಳಿಸಿ. ಅದನ್ನು ‘ಬೀದಿ’ ಮಾಡಿದರೆ ಅದೂ ‘ವೀಥಿ’ಯೇ.

ಜಮಖಂಡಿಯಿಂದ
ಹಸಿದು ಬಂದವ ‘ಉಣಿಸುಮನೆ’ ಓದಿ ಯಾವುದೋ ಇಲಾಖೆ ಕಚೇರಿ ಅಂತ ಮುಂದ ಹೋಗ್ತಾನ. ಖಾನಾವಳಿ ಅಂದರ ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಕಣ್ಣ ಮುಂದ ಬರ್ತಾವ. ಮರಾಠಿಯಿಂದ ಬಂದಿದ್ದರೇನಾತು?

ಬಾಗಲಕೋಟೆಯಿಂದ
ಹಾಗಾದರೆ ರೊಟ್ಟಿಗೂ ಮರಾಠಿಯ ‘ಭಾಕರಿ’ ಅಂತಲೇ ಬರೆಸಿಬಿಡಿ.

ತಾಳಿಕೋಟೆಯಿಂದ
ಕೇಳಿದವರಿಗೆ ನಾಳೆ ಬೋರ್ಡು ಬೇಕು. ಪೇಂಟರನಿಗೆ ಹೀಗೆ ಹೇಳಿ: ‘ಡೋಣಿ ಬೆಳೆದರ ಓಣೆಲ್ಲ ಜೋಳ’. ನಾಲ್ಕೇ ಪದ. ಡಕಾರ, ಢಕಾರವಲ್ಲ. ಎರಡೂ ಕಡೆ ಣಕಾರ. ‘ಡೋನಿ’ ಎಂದು ಬರೆದರೆ ಪ್ರಾಸ ಸತ್ತಿತು. ‘ಬೆಳೆದರ’ದ ಕೊನೆಗೆ ಏತ್ವ ಬೇಡ, ಅದು ಬಿಟ್ಟುಹೋದದ್ದಲ್ಲ ಎಂದು ಮೊದಲೇ ಹೇಳಿಡಿ, ಇಲ್ಲದಿದ್ದರೆ ತಿದ್ದುತ್ತಾನೆ. ಕಡೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಲು ಬಿಡಬೇಡಿ.