ಅರ್ಜಿ ಎರಡಿರಲಿ, ನಕ್ಷೆ ಒಂದೇ ಆಗಲಿ

ಸಿದ್ದಿ ಓಣಿ, ಶಾಲೆ ಹಿಂದಿನ ಮನೆ:
ಎಲ್ಲರಿಗೂ ನಮಸ್ಕಾರ. ಗುಡ್ಡದ ಬೆಂಕಿ ಪೂರ್ತಿ ಆರಿದೆ. ದಡ್ಡಿಯ, ಅಂದರೆ ಗೌಳಿ ಕೇರಿಯ, ಹುಡುಗರು ಹಸಿ ಟೊಂಗೆ ಹಿಡಿದು ರಾತ್ರಿ ಎರಡರವರೆಗೆ ನಮ್ಮ ಜೊತೆ ಬಡಿದರು. ಮರೆಯುವ ಮಾತೇ ಇಲ್ಲ. ಆದರೆ ಬೆಳಗ್ಗೆಯಿಂದ ಈ ಗ್ರೂಪಿನಲ್ಲಿ ಬಂದ ಮೆಸೇಜ್ ಓದಿ ಬೇಜಾರಾಯಿತು. ಹುಲ್ಲು ಚಿಗುರಲಿ ಅಂತ ಗೌಳಿಗಳು ಹಚ್ಚಿದರಂತೆ, ಜೇನು ಬಿಡಿಸುವವರ ಸೂಡಿ ಪಂಜಿನಿಂದ ಹತ್ತಿತಂತೆ. ಕಣ್ಣಾರೆ ಕಂಡವರು ಯಾರೂ ಇಲ್ಲ. ಸುಟ್ಟದ್ದು ಮಾತ್ರ ಇಬ್ಬರದೂ. ನಿಮ್ಮ ಎಮ್ಮೆ ಮೇಯುವ ಹುಲ್ಲು, ನಮ್ಮ ಸೀಗೆ, ಅಂಟುವಾಳ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಊರೇ ಒಟ್ಟಾಗಿ ಕಾಡಿನ ಹಕ್ಕು ಕೇಳುವ ಸಾಮೂಹಿಕ ಅರ್ಜಿ ನಮ್ಮದೂ ನಿಮ್ಮದೂ ಇನ್ನೂ ಹೋಗಿಲ್ಲ. ಗಡಿ ಯಾರದ್ದು ಅಂತ ಜಗಳ ಮಾಡುತ್ತಲೇ ಕೂತಿದ್ದೇವೆ. ಈ ಸಲ ಎರಡೂ ಕಡೆಯವರು ಒಟ್ಟಿಗೆ ನಡೆದು ಒಂದೇ ನಕ್ಷೆ ಮಾಡೋಣ.

ದಡ್ಡಿ, ಡೇರಿ ಪಕ್ಕ:
ಅಣ್ಣಾ, ಒಟ್ಟಿಗೆ ಅಂದರೆ ಹೇಗೆ? ನೀವು ಎಸ್‌ಟಿ. ನಾವಲ್ಲ. ನಮಗೆ 75 ವರ್ಷದಿಂದ ಕಾಡು ನಂಬಿ ಇಲ್ಲೇ ಇದ್ದೇವೆ ಅನ್ನುವ ದಾಖಲೆ ಕೇಳುತ್ತಾರೆ. ಎಮ್ಮೆ ಕಾಯುತ್ತಾ ಅಲೆದ ಅಜ್ಜನ ಹತ್ತಿರ ಕಾಗದ ಎಲ್ಲಿಂದ ಬರಬೇಕು?

ಸಿದ್ದಿ ಓಣಿ, ಶಾಲೆ ಹಿಂದಿನ ಮನೆ:
ಆ ಸಂಕಟ ನಮಗೆ ಗೊತ್ತು ತಮ್ಮಾ. ಯಲ್ಲಾಪುರದ ನಮ್ಮ ನೆಂಟರಿಗೆ 2003ರಲ್ಲೇ ಎಸ್‌ಟಿ ಸಿಕ್ಕಿತು. ಧಾರವಾಡ ಜಿಲ್ಲೆಯವರು ಅಂತ ನಾವು 2020ರವರೆಗೆ ಕಾದೆವು. ಒಂದೇ ಕಾಡು, ಒಂದೇ ಮನೆತನ, ನಡುವೆ ಜಿಲ್ಲೆಯ ಗೆರೆ. ಹಾಗಾಗಿ ನಿಮ್ಮನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ.

ಬರೀ ಕಾಗದವೇ ಸಾಕ್ಷಿ ಅಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ನಡೆಯುತ್ತದೆ. ಹಳೇ ಬಾವಿ, ಸ್ಮಶಾನ, ದೇವರ ಜಾಗ, ದನ ಮೇಯಿಸುತ್ತಿದ್ದ ನೆಲ, ಎಲ್ಲವೂ ನಿಯಮದಲ್ಲಿವೆ. ನಿಮ್ಮ ಅಜ್ಜ ಎಲ್ಲಿ ಎಮ್ಮೆ ಕಟ್ಟುತ್ತಿದ್ದರು ಅಂತ ನಮ್ಮ ಅಜ್ಜಿಗೆ ಚೆನ್ನಾಗಿ ನೆನಪಿದೆ. ಅವರು ಹೇಳಿಕೆ ಕೊಡುತ್ತಾರೆ.

ಕೆಳಗಿನ ಓಣಿ, ಸಂಘದ ಅಕ್ಕ:
ಗಡಿ ತಕರಾರು ಇದ್ದರೆ ಎರಡೂ ಊರಿನ ಅರಣ್ಯ ಹಕ್ಕು ಸಮಿತಿಗಳು ಕೂಡಿ ಕೂತು ನೋಡಬೇಕು ಅಂತ ನಿಯಮವೇ ಇದೆ. ಗ್ರಾಮಸಭೆಗೆ ಅರ್ಧ ಜನ ಬರಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು. ನಮ್ಮನ್ನು ಸಹಿಗೆ ಮಾತ್ರ ಕರೆಯಬೇಡಿ. ಸೀಗೆ ಆರಿಸುವವರು ನಾವು, ಗಿಡ ಎಲ್ಲಿದೆ ಅಂತ ನಮಗೇ ಗೊತ್ತು.

ದಡ್ಡಿ, ಮೇಲಿನ ಮನೆ:
ಹಕ್ಕು ಸಿಕ್ಕರೆ ಹೊಟ್ಟೆ ತುಂಬುತ್ತದಾ ಕಾಕಾ?

ಸಿದ್ದಿ ಓಣಿ, ಜೇನಿನ ಕಾಕಾ:
ಕೇಳಬೇಕಾದ ಮಾತೇ ಕೇಳಿದಿ. ಹಕ್ಕುಪತ್ರ ಇದ್ದರೆ ಜೇನು ಸಾಗಿಸುವ ಪರ್ಮಿಟ್ ಗ್ರಾಮಸಭೆಯ ಸಮಿತಿಯೇ ಕೊಡಬಹುದು. ಆಗ ಹುಬ್ಬಳ್ಳಿಗೆ ನಾವೇ ಒಯ್ಯಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಕಾಡಿನೊಳಗೇ 2011ರಲ್ಲಿ ಹಕ್ಕು ಪಡೆದರು.

ಆದರೆ ಅವಸರ ಬೇಡ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅನ್ನೋ ಭಯಕ್ಕೆ ಇನ್ನೂ ಮೇಣ ಮುಚ್ಚದ ಹಸಿ ಹುಟ್ಟು (ಜೇನುಗೂಡು) ಕೊಯ್ಯುತ್ತೇವೆ. ನೀರಿನ ಅಂಶ 20% ದಾಟಿದರೆ ಜೇನು ಹುಳಿ ಬರುತ್ತದೆ, ವ್ಯಾಪಾರಿ ಅರ್ಧ ಬೆಲೆ ಹೇಳುತ್ತಾನೆ. ಮೇಣ ಮುಚ್ಚಿದ ಮೇಲೆ ಕೊಯ್ಯೋಣ, ಮರಿ ಇರುವ ಭಾಗ ಬಿಡೋಣ. ಎರಡೂ ಕಡೆ ಒಪ್ಪಿದರೆ ಮಾತ್ರ ಇದು ಸಾಧ್ಯ.

ದಡ್ಡಿ, ಡೇರಿ ಪಕ್ಕ:
ಒಪ್ಪಿದೆವು. ಹುಲ್ಲಿಗೆ ಬೆಂಕಿ ಹಚ್ಚುವುದು ನಮ್ಮ ಕಡೆಯಿಂದ ಬಂದ್. ಬೆಂಕಿ ಗೆರೆ ಸವರಲು ಮನೆಗೊಬ್ಬರು ಬರುತ್ತೇವೆ. ಸೂಡಿ ಆರಿಸಿ, ಮೇಲೆ ಮಣ್ಣು ಹಾಕಿಯೇ ನೀವು ಇಳಿಯಬೇಕು.

ಸಿದ್ದಿ ಓಣಿ, ಶಾಲೆ ಹಿಂದಿನ ಮನೆ:
ಆಯಿತು. ಭಾನುವಾರ ಬೆಳಗ್ಗೆ ಏಳಕ್ಕೆ ಡೇರಿ ಹತ್ತಿರ ಸೇರೋಣ. ಹಳೇ ಬಾವಿಯಿಂದ ನಡೆಯಲು ಶುರು. ಅಜ್ಜಿಗೆ ಅಷ್ಟು ದೂರ ಆಗಲ್ಲ, ಯಾರಾದರೂ ಬೈಕ್ ತನ್ನಿ.